ವಾಡಿ ಮಾರ್ಗದ ಗಾಡಿಯೂ ಕಾಲತರ್ಕವೂ

1874ರಲ್ಲಿ ನಿಜಾಮ ಸಂಸ್ಥಾನದ ರೈಲುಮಾರ್ಗವು ವಾಡಿಯಿಂದ ಸಿಕಂದರಾಬಾದನ್ನು ಮುಟ್ಟಿತು. ಕಲಬುರ್ಗಿಯ ಕಡೆಯಿಂದ ಈ ನಗರಕ್ಕೆ ಬಂದ ಕನ್ನಡಿಗರಿಗೆ ಅದು ಚಿರಪರಿಚಿತವಾದ ದಾರಿ. ಒಂದೇ ಹಳಿಯ ಮೇಲೆ ಎರಡು ಗಾಡಿಗಳು ಎಂದಿಗೂ ಎದುರಾಗಕೂಡದೆಂಬುದು ರೈಲಿನ ಮೊದಲ ಧರ್ಮ. ಆ ‘ಎಂದಿಗೂ’ ಎಂಬ ಮಾತನ್ನು ತರ್ಕಶಾಸ್ತ್ರವು ಹೇಗೆ ವಶಮಾಡಿಕೊಂಡಿತೆಂಬುದೇ ಇಲ್ಲಿಯ ವಿಚಾರ.

ಗಣಿತವನ್ನು ಆದರ್ಶವಾಗಿಟ್ಟುಕೊಂಡ ಆಧುನಿಕ ತರ್ಕವು ಬಹುಕಾಲ ಕಾಲವನ್ನೇ ಬದಿಗಿಟ್ಟಿತ್ತು. ನ್ಯೂಜಿಲೆಂಡಿನ ಆರ್ಥರ್ ಪ್ರಯರ್, ತನ್ನ 1957ರ ‘ಟೈಮ್ ಅಂಡ್ ಮೊಡಾಲಿಟಿ’ ಗ್ರಂಥದಲ್ಲಿ, ಭೂತ ಭವಿಷ್ಯತ್ತುಗಳಿಗೆ ತರ್ಕದ ಚಿಹ್ನೆಗಳನ್ನಿತ್ತನು. ರೈಲ್ವೆಯ ಸಂಕೇತ ಶಿಕ್ಷಣಸಂಸ್ಥೆಯು ಸಿಕಂದರಾಬಾದಿನಲ್ಲಿ ಆರಂಭವಾದದ್ದೂ ಅದೇ ವರ್ಷ. ಆಗ ಇವೆರಡಕ್ಕೂ ಸಂಬಂಧವುಂಟೆಂದು ಯಾರು ತಾನೆ ಊಹಿಸಿಯಾರು?

1977ರಲ್ಲಿ ಇಸ್ರೇಲಿನ ಅಮೀರ್ ಪ್ನುಯೆಲಿ ಈ ತರ್ಕವನ್ನು ಗಣಕಯಂತ್ರದ ಕ್ರಮವಿಧಿಗಳಿಗೆ ಅನ್ವಯಿಸಿದನು. ಅನಿಷ್ಟವು ಎಂದಿಗೂ ಆಗದು ಎಂಬುದು ಒಂದು ಬಗೆಯ ಪ್ರತಿಜ್ಞೆ. ಇಷ್ಟವು ಎಂದಾದರೊಮ್ಮೆ ಆದೀತು ಎಂಬುದು ಇನ್ನೊಂದು. ಎರಡೂ ಬೇಕು. ನಿಂತಲ್ಲೇ ನಿಂತ ಗಾಡಿ ಡಿಕ್ಕಿ ಹೊಡೆಯದು, ನಿಜ. ಆದರೆ ಊರನ್ನೂ ಸೇರಿಸದು.

ಇಷ್ಟಾದರೂ ಒಂದು ಕೊರತೆ ಉಳಿಯಿತು. ‘ಎಂದಾದರೊಮ್ಮೆ ತೀರಿಸುವೆನು’ ಎಂಬ ಸಾಲಪತ್ರಕ್ಕೂ ವಾಯಿದೆ ಬರೆದ ಪತ್ರಕ್ಕೂ ಇರುವ ಅಂತರವನ್ನು ವಾಚಕರು ಬಲ್ಲರು. ಬ್ರೇಕು ಎಂದಾದರೊಮ್ಮೆ ಬಿದ್ದರೆ ಸಾಲದು, ಗೊತ್ತಾದ ಕ್ಷಣಗಳೊಳಗೆ ಬೀಳಬೇಕು. ಕಾನ್ಪುರದ ಐ.ಐ.ಟಿ.ಯಲ್ಲಿ ಕಲಿತ ರಾಜೀವ್ ಆಲೂರ್ ಮತ್ತು ಅಮೆರಿಕದ ಡೇವಿಡ್ ಡಿಲ್ 1990ರಲ್ಲಿ ಗಡಿಯಾರಗಳನ್ನೊಳಗೊಂಡ ಯಂತ್ರಮಾದರಿಯೊಂದನ್ನು ಮುಂದಿಟ್ಟರು. ಕ್ಷಣಗಳು ಅನಂತ, ಆದರೆ ಗಡಿಯಾರಗಳ ಸ್ಥಿತಿಗಳನ್ನು ಪರಿಮಿತ ವರ್ಗಗಳಾಗಿ ವಿಂಗಡಿಸಬಹುದೆಂದೂ, ಆದುದರಿಂದ ಅವುಗಳನ್ನು ನಿಶ್ಶೇಷವಾಗಿ ಪರೀಕ್ಷಿಸಬಹುದೆಂದೂ ಅವರು ತೋರಿಸಿದರು.

ಈ ಪ್ರಶ್ನೆ ನಮ್ಮ ಮಾರ್ಗಕ್ಕೂ ಬಂದಿತು. ‘ಕವಚ’ವೆಂಬ ರೈಲುರಕ್ಷಣಾ ವ್ಯವಸ್ಥೆಯ ಆರಂಭದ ಪ್ರಯೋಗಗಳು ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಮತ್ತು ವಿಕಾರಾಬಾದ್–ಬೀದರ್ ಮಾರ್ಗಗಳಲ್ಲಿ ನಡೆದವು. 2022ರ ಮಾರ್ಚ್ 4ರಂದು ಗುಲ್ಲಗುಡ–ಚಿಟ್ಗಿಡ್ಡ ನಿಲ್ದಾಣಗಳ ನಡುವೆ ಎರಡು ಎಂಜಿನುಗಳನ್ನು ಎದುರುಬದುರು ಬಿಟ್ಟಾಗ, ಕವಚವು 380 ಮೀಟರುಗಳ ಅಂತರದಲ್ಲಿ ತಾನಾಗಿಯೇ ತಡೆದು ನಿಲ್ಲಿಸಿತು.

ಒಂದು ಪ್ರಯೋಗದ ಯಶಸ್ಸು ಆ ಒಂದು ದಿನಕ್ಕೆ ಸಾಕ್ಷಿ. ‘ಎಂದಿಗೂ’ ಎಂಬುದಕ್ಕೆ ಸಾಧನೆಯೇ ಬೇಕು. ಆದರೆ ತರ್ಕವು ಸಾಧಿಸುವುದು ಮಾದರಿಯ ವಿಷಯವನ್ನು ಮಾತ್ರ. ಹಳಿ ತೇವವಾಗಿದ್ದರೆ, ಬ್ರೇಕು ಸವೆದಿದ್ದರೆ, ಆ ಸಂಗತಿ ಮಾದರಿಯಲ್ಲಿಲ್ಲದಿದ್ದರೆ, ಸಾಧನೆ ನಿರ್ದುಷ್ಟವಾಗಿದ್ದೂ ಗಾಡಿ ನಿಲ್ಲದೆ ಹೋದೀತು. ಹೇತು ಕೆಟ್ಟರೆ ಅನುಮಾನವೂ ಕೆಡುವುದೆಂದು ನಮ್ಮ ನೈಯಾಯಿಕರು ಬಹು ಹಿಂದೆಯೇ ಎಚ್ಚರಿಸಿದ್ದಾರೆ. ಕಾಲವನ್ನು ಅಳೆಯಲು ಕಲಿತ ತರ್ಕಕ್ಕೂ ಹಳಿಯ ಮೇಲೆ ನಡೆದು ನೋಡುವವನ ಕಣ್ಣು ಬೇಕೇ ಬೇಕು.