ಸೇಡಂ ‘ಸೇರಂ’ ಆದ ಬಗೆ

ಬ್ರಿಟಿಷರ ಕಾಲದ ನಕ್ಷೆಯಲ್ಲಿ ಸೇಡಂ ಪಟ್ಟಣವನ್ನು ಹುಡುಕಹೊರಟವರಿಗೆ ಅದು ಬೇಗ ಸಿಗುವುದಿಲ್ಲ. ಅಲ್ಲಿರುವುದು ‘ಸೇರಂ’. ಮಳಖೇಡವು ‘ಮಲಖೈದ್’ ಆಗಿದೆ. ನಿಜಾಮರ ಆಡಳಿತಭಾಷೆಯಾಗಿದ್ದ ಉರ್ದುವಿನಲ್ಲಿ ‘ಡ’ ಮತ್ತು ‘ರ’ಗಳ ನಡುವಿನ ಒಂದು ಧ್ವನಿಯುಂಟು. ಅದು ರೋಮನ್ ಲಿಪಿಗೆ ಇಳಿಯುವಾಗ ಬರಿಯ ‘ರ’ಕಾರವಾಗಿ ಉಳಿಯಿತು.

ಈ ನಕ್ಷೆಗಳ ಹಿಂದೆ ದೊಡ್ಡ ಸಾಹಸವಿದೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಆರಂಭಿಸಿದ ತ್ರಿಕೋನ ಮೋಜಣಿ 1815ರ ಹೊತ್ತಿಗೆ ಬೀದರಿನವರೆಗೆ ಬಂದಿತ್ತು. ಅದರ ಮುಖ್ಯ ಸಾಲು ಹಾದುಹೋದದ್ದು ಚಿಂಚೋಳಿ ಸೀಮೆಯ ಹತ್ತಿರದಲ್ಲೇ. ಸಮನೆಲದಲ್ಲಿ ಸರಪಳಿಯಿಂದ ಒಂದು ಗೆರೆಯನ್ನು ಅಳೆಯುವುದು, ಅರ್ಧ ಟನ್ ತೂಕದ ಥಿಯೋಡೊಲೈಟನ್ನು ಗುಡ್ಡದ ನೆತ್ತಿಗೇರಿಸಿ ಕೋನಗಳನ್ನು ಹಿಡಿಯುವುದು, ಉಳಿದ ದೂರವನ್ನು ಲೆಕ್ಕದಿಂದ ಪಡೆಯುವುದು, ಇದು ಆ ಕ್ರಮ. ಊರು, ಹಳ್ಳ, ಕೆರೆಗಳನ್ನು ತುಂಬಿದ್ದು ಆಮೇಲೆ.

ಮುಂದೆ ಸರ್ವೇ ಆಫ್ ಇಂಡಿಯಾ ದೇಶವನ್ನು ಹಾಳೆಗಳಾಗಿ ವಿಂಗಡಿಸಿತು. 77 ಡಿಗ್ರಿ ರೇಖಾಂಶವು ನಮ್ಮ ಸೀಮೆಯನ್ನು ಎರಡಾಗಿ ಸೀಳುತ್ತದೆ. ವಾಡಿ, ಶಹಾಬಾದ್ 56-ಸಿ ಹಾಳೆಯಲ್ಲಿವೆ. ಚಿತ್ತಾಪುರ, ಸೇಡಂ, ಚಿಂಚೋಳಿ 56-ಜಿಯಲ್ಲಿ. ಅಕ್ಕಪಕ್ಕದ ಊರುಗಳನ್ನು ಒಟ್ಟಿಗೆ ನೋಡಲು ಎರಡು ಹಾಳೆಗಳನ್ನು ಜೋಡಿಸಬೇಕು.

ನಕ್ಷೆಯಲ್ಲಿ ಕಾಲವೂ ಅಚ್ಚಾಗಿರುತ್ತದೆ. 1874ರಲ್ಲಿ ಸಿಕಂದರಾಬಾದಿಗೆ ರೈಲುಮಾರ್ಗ ತೆರೆದ ಮೇಲೆ ವಾಡಿ ಜಂಕ್ಷನ್ ಆಯಿತು. 1956ರಲ್ಲಿ ಗುಲ್ಬರ್ಗ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದಾಗ ಸೇಡಂನ ಪೂರ್ವಕ್ಕೆ ರಾಜ್ಯದ ಗಡಿ ಬಂದಿತು. ಹಳ್ಳಗಳು ಮಾತ್ರ ಗಡಿ ಕೇಳದೆ ಕಾಗಿಣಾ ನದಿಯತ್ತ ಹರಿದವು.

ಈಗ ಈ ಹಾಳೆಗಳ ಬೆಲೆ ಹೆಚ್ಚಿದೆ. ಶಹಾಬಾದ್ ಕಲ್ಲಿಗಾಗಿ, ಸಿಮೆಂಟಿನ ಸುಣ್ಣಕಲ್ಲಿಗಾಗಿ ನೆಲವನ್ನು ತೋಡಿದ ಕಡೆಗಳಲ್ಲಿ ಮೊದಲಿನ ಏರಿಳಿತ ಉಳಿದಿಲ್ಲ. ಅಲ್ಲಿ ದಿಬ್ಬವಿತ್ತೇ, ಹಳ್ಳ ಯಾವ ದಿಕ್ಕಿಗೆ ಹರಿಯುತ್ತಿತ್ತು, ಕಾಲುದಾರಿ ಎಲ್ಲಿತ್ತು ಎಂಬುದಕ್ಕೆ ಹಳೆಯ ಸಮೋನ್ನತಿ ರೇಖೆಗಳೇ ಸಾಕ್ಷಿ. ಆದರೆ ಹೊಲದ ಒಡೆತನವನ್ನು ಇವು ಹೇಳಲಾರವು. ಸರ್ವೆ ನಂಬರಿನ ಗಡಿಗೆ ಕಂದಾಯ ಇಲಾಖೆಯ ಗ್ರಾಮನಕ್ಷೆಯನ್ನೇ ನೋಡಬೇಕು.

ಕೇಂದ್ರ ಸರ್ಕಾರ 2021ರಲ್ಲಿ ನಕ್ಷೆಗಳ ಮೇಲಿನ ಅನೇಕ ನಿರ್ಬಂಧಗಳನ್ನು ಸಡಿಲಿಸಿತು. ಹುಡುಕುವವರು ಹೆಸರನ್ನು ನೆಚ್ಚದೆ ಹಾಳೆಯ ಸಂಖ್ಯೆ ಹಿಡಿದು ಹೊರಡುವುದು ಲೇಸು. ಸಿಕ್ಕ ಹಾಳೆಯನ್ನು ಊರಿನ ಹಿರಿಯರ ಮುಂದೆ ಹರಡಿದರೆ, ಬರೆದವರ ಕಿವಿಗೆ ತಪ್ಪಿಹೋದ ಕೆರೆ, ದಿಬ್ಬಗಳ ಹೆಸರುಗಳನ್ನು ಅವರು ಇನ್ನೂ ಹೇಳಿಯಾರು.