ಎರಡನೆಯ ಸಲದ ದಾರಿ

ಹೋದ ವರ್ಷ ಅಪ್ಪ ನಿವೃತ್ತರಾದರು. ಬೀಳ್ಕೊಡುಗೆಯ ಶಾಲನ್ನು ಅಮ್ಮ ಮಡಿಸಿ ಬೀರುವಿನಲ್ಲಿಡುವ ಮೊದಲೇ ಊಟದ ಮೇಜಿನ ಮೇಲೆ ಏಷ್ಯಾದ ಭೂಪಟ ಹರಡಿ, ಮೋಟಾರ್ ಸೈಕಲ್ಲಿನಲ್ಲಿ ನೇಪಾಳ ದಾಟಿ ಆಚೆಗೂ ಹೋಗಬೇಕೆಂದಿದ್ದೇನೆ ಎಂದರು. ‘ಈ ವಯಸ್ಸಿನಲ್ಲಾ?’ ಎಂದು ಮೊದಲು ಕೇಳಿದ್ದು ನಾನೇ. ಪ್ರವಾಸ ಕಥನಗಳ ಬಗ್ಗೆ ಸಂಶೋಧನೆ ಮಾಡುತ್ತಿರುವ ನಾನು ಕೇಳಬಾರದಿದ್ದ ಪ್ರಶ್ನೆ ಅದು. ಅವರನ್ನು ತಡೆಯಲು ಪುರಾವೆ ಸಿಗಬಹುದೆಂದು ಟೆಡ್ ಸೈಮನ್ ಅವರ ಎರಡು ಪುಸ್ತಕಗಳನ್ನು ಕೈಗೆತ್ತಿಕೊಂಡೆ. ಪುರಾವೆ ನನ್ನ ಪರವಾಗಿ ನಿಲ್ಲಲಿಲ್ಲ.

ಸೈಮನ್ ಬ್ರಿಟಿಷ್ ಪತ್ರಕರ್ತ, 1931ರಲ್ಲಿ ಹುಟ್ಟಿದವರು. 1973ರ ಅಕ್ಟೋಬರ್ 6ರಂದು ಲಂಡನ್ನಿನಿಂದ 500 ಸಿ.ಸಿ.ಯ ಟ್ರಯಂಫ್ ಟೈಗರ್ ಮೇಲೆ ಜಗತ್ತು ಸುತ್ತಲು ಹೊರಟರು. ಬೆಂಬಲಕ್ಕೆ ‘ಸಂಡೇ ಟೈಮ್ಸ್’ ಪತ್ರಿಕೆ ಇತ್ತು. ಹೊರಟ ಗಳಿಗೆ ಮಾತ್ರ ವಿಚಿತ್ರವಾದದ್ದು. ಅವರ ಬೈಕು ತಯಾರಾದ ಮೆರಿಡನ್ ಕಾರ್ಖಾನೆಯನ್ನು ಮುಚ್ಚುವುದಾಗಿ ಮಾಲೀಕರು ಹಿಂದಿನ ತಿಂಗಳಷ್ಟೇ ಹೇಳಿದ್ದರು; ಕಾರ್ಮಿಕರು ಒಳಗೇ ಕೂತು ಅದನ್ನು ವಶಕ್ಕೆ ತೆಗೆದುಕೊಂಡಿದ್ದರು. ಹೊರಟ ದಿನವೇ ಈಜಿಪ್ಟ್ ಮತ್ತು ಸಿರಿಯಾ ಇಸ್ರೇಲಿನ ಮೇಲೆ ಯುದ್ಧ ಆರಂಭಿಸಿದವು. ಸೈಮನ್ ಹೋಗಬೇಕಿದ್ದ ದಾರಿ ಈಜಿಪ್ಟಿನ ಮೂಲಕವೇ ಹಾದುಹೋಗುತ್ತಿತ್ತು.

ಆದರೂ ಅವರು ಹೋದರು. ಟುನೀಶಿಯಾ, ಲಿಬಿಯಾ, ಈಜಿಪ್ಟ್, ಸುಡಾನ್, ಇಥಿಯೋಪಿಯಾ ದಾಟಿ ದಕ್ಷಿಣ ಆಫ್ರಿಕಾ ತಲುಪಿದರು. ಹಡಗಿನಲ್ಲಿ ಬ್ರೆಜಿಲ್‌ಗೆ ಹೋದಾಗ ಫೋರ್ಟಲೇಜಾದಲ್ಲಿ ಪೊಲೀಸರು ಗೂಢಚಾರನೆಂಬ ಗುಮಾನಿಯಿಂದ ಹಿಡಿದು ಕೂಡಿಹಾಕಿದರು. ಆಗ ಅಲ್ಲಿ ಸೈನಿಕ ಆಡಳಿತವಿತ್ತು. ಮುಂದೆ ಕ್ಯಾಲಿಫೋರ್ನಿಯಾ, ಆಸ್ಟ್ರೇಲಿಯಾ, ಮಲೇಶಿಯಾ, ಆಮೇಲೆ ಭಾರತ. 1977ರಲ್ಲಿ ಪಾಕಿಸ್ತಾನ, ಅಫ್ಘಾನಿಸ್ತಾನ, ಇರಾನ್, ಟರ್ಕಿ ಮಾರ್ಗವಾಗಿ ಮನೆ ಸೇರಿದರು. ಒಟ್ಟು 45 ದೇಶ, ಸುಮಾರು 1 ಲಕ್ಷ ಕಿಲೋಮೀಟರ್. ಆ ಪ್ರಯಾಣದ ಪುಸ್ತಕ ‘ಜುಪಿಟರ್ಸ್ ಟ್ರಾವೆಲ್ಸ್’ 1979ರಲ್ಲಿ ಬಂತು. ಭಾರತದಲ್ಲಿ ಭವಿಷ್ಯ ನುಡಿಯುವವರೊಬ್ಬರು ಅವರನ್ನು ಗುರುಗ್ರಹದೊಂದಿಗೆ ಸಮೀಕರಿಸಿದ್ದರಿಂದ ಆ ಹೆಸರು.

ಈ ಎರಡು ಇಸವಿಗಳ ನಡುವೆ ಏನಾಯಿತೆಂದು ನೋಡಬೇಕು. 1957ರಲ್ಲಿ ಲಂಡನ್ನಿನಿಂದ ಕಲ್ಕತ್ತೆಗೆ ಬಸ್ಸೇ ಓಡಿತ್ತು. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಯುರೋಪಿನ ಸಾವಿರಾರು ತರುಣರು ಕಾಬೂಲಿನ ಮೂಲಕ ಭಾರತಕ್ಕೆ ಬಂದುಹೋದರು. ಆ ರಸ್ತೆ ಯಾವಾಗಲೂ ಇರುತ್ತದೆಂದೇ ಎಲ್ಲರೂ ತಿಳಿದಿದ್ದರು. 1978ರ ಏಪ್ರಿಲ್‌ನಲ್ಲಿ ಅಫ್ಘಾನಿಸ್ತಾನದಲ್ಲಿ ಕ್ಷಿಪ್ರಕ್ರಾಂತಿ, 1979ರಲ್ಲಿ ಇರಾನಿನ ಕ್ರಾಂತಿ, ಅದೇ ಡಿಸೆಂಬರ್‌ನಲ್ಲಿ ಕಾಬೂಲಿಗೆ ಸೋವಿಯತ್ ಸೇನೆ. ಸೈಮನ್ ಅವರ ಪುಸ್ತಕ ಅಂಗಡಿಗೆ ಬರುವ ಹೊತ್ತಿಗೆ ಅವರು ಮನೆಗೆ ಮರಳಿದ ದಾರಿಯೇ ಮುಚ್ಚಿಹೋಗಿತ್ತು. ಪ್ರವಾಸ ಕಥನವೆಂದು ಬರೆದದ್ದು ಚರಿತ್ರೆಯ ದಾಖಲೆಯಾಗಿಬಿಟ್ಟಿತ್ತು.

2001ರಲ್ಲಿ, 69ನೇ ವಯಸ್ಸಿನಲ್ಲಿ, ಸೈಮನ್ ಮತ್ತೆ ಹೊರಟರು. ಪುಸ್ತಕ ಬರೆದು ಬದುಕುವವರಿಗೆ ನಿವೃತ್ತಿಯ ಆದೇಶಪತ್ರ ಬರುವುದಿಲ್ಲ. ಆದರೆ ವಯಸ್ಸು ನಿವೃತ್ತರದ್ದೇ. ಈ ಸಲ ಬಿಎಂಡಬ್ಲ್ಯು ಆರ್80 ಜಿಎಸ್. 1980ರಲ್ಲಿ ಮಾರುಕಟ್ಟೆಗೆ ಬಂದ ಈ ಮಾದರಿಯನ್ನು ದೂರದ, ಕೆಟ್ಟ ರಸ್ತೆಗಳಿಗೆಂದೇ ರೂಪಿಸಿದ್ದರು. ಮೊದಲ ಸಲ ಸೈಮನ್ ಸಾಧಾರಣ ಬೈಕನ್ನು ಹೇಗೋ ಹೊಂದಿಸಿಕೊಂಡು ಹೋಗಿದ್ದರು. ಎರಡನೆಯ ಸಲದ ಹೊತ್ತಿಗೆ ಇಂಥ ಪ್ರಯಾಣಕ್ಕೇ ಒಂದು ಉದ್ಯಮ ಬೆಳೆದಿತ್ತು. ಅದು ಬೆಳೆಯಲು ಅವರ ಪುಸ್ತಕವೂ ಒಂದು ಕಾರಣ.

ನಮ್ಮ ಪಂಚಾಂಗದ ಲೆಕ್ಕದಲ್ಲಿ ಗುರು ರಾಶಿಚಕ್ರವನ್ನು ಸುತ್ತಲು ಸುಮಾರು 12 ವರ್ಷ ಬೇಕು, ಶನಿಗೆ ಹತ್ತಿರಹತ್ತಿರ 30. ಗುರುವಿನ ಹೆಸರಿನಲ್ಲಿ ಮೊದಲು ಹೊರಟವರು ಮರಳಿ ಹೊರಡುವ ವೇಳೆಗೆ ಶನಿಯ ಒಂದು ಸುತ್ತು ಮುಗಿಯುತ್ತ ಬಂದಿತ್ತು. ಆ ಅವಧಿಯಲ್ಲಿ ಜಗತ್ತಿನ ಜನಸಂಖ್ಯೆ ಸುಮಾರು 390 ಕೋಟಿಯಿಂದ 620 ಕೋಟಿ ಸಮೀಪಕ್ಕೆ ಏರಿತ್ತು. 2007ರಲ್ಲಿ ಬಂದ ‘ಡ್ರೀಮಿಂಗ್ ಆಫ್ ಜುಪಿಟರ್’ನಲ್ಲಿ ಜನಜಂಗುಳಿಯ, ವಾಹನಗಳ ಬಗೆಗಿನ ಬೇಸರ ಎದ್ದು ಕಾಣುತ್ತದೆ.

‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎಂಬ ಹಿರಿಯರ ಮಾತನ್ನು ಚರಿತ್ರೆಯ ವಿದ್ಯಾರ್ಥಿ ಹಾಗೆಯೇ ಒಪ್ಪುವಂತಿಲ್ಲ. ಸೈಮನ್ ಮೊದಲು ಕಂಡ ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ನೀತಿ ಕಾನೂನಾಗಿತ್ತು. 1994ರ ಹೊತ್ತಿಗೆ ಅದು ಕೊನೆಗೊಂಡಿತ್ತು. ಅವರನ್ನು ಕೂಡಿಹಾಕಿದ ಬ್ರೆಜಿಲ್‌ನ ಸೈನಿಕ ಆಡಳಿತ 1985ರಲ್ಲೇ ಮುಗಿದಿತ್ತು. ಕೆಲವು ಬಾಗಿಲು ಮುಚ್ಚಿದ್ದವು, ಕೆಲವು ತೆರೆದಿದ್ದವು. ಇದನ್ನು ತೂಗಿ ನೋಡಲು ಒಂದೇ ದಾರಿಯನ್ನು ಎರಡು ಕಾಲದಲ್ಲಿ ಕಂಡ ಕಣ್ಣು ಬೇಕು. ಮೊದಲ ಪುಸ್ತಕ ಒಬ್ಬ ಮನುಷ್ಯ ತನ್ನನ್ನು ಕಂಡುಕೊಂಡ ಕಥೆ. ಎರಡನೆಯದರಲ್ಲಿ ಆ ಮನುಷ್ಯನೇ ಅಳತೆಗೋಲು. ವಯಸ್ಸಾಗದೆ ಅಂಥ ಪುಸ್ತಕ ಬರೆಯಲಾಗದು.

ಇಲ್ಲಿಗೆ ಬಂದಾಗ ನನಗೆ ಅಪ್ಪನ ತಲೆಮಾರು ನೆನಪಾಯಿತು. ಸೈಮನ್ ಹೊರಟ 1973ರಲ್ಲೇ ನಮ್ಮ ಸಂಸತ್ತು ಫೆರಾ ಎಂಬ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು. ಜೇಬಿನಲ್ಲಿ ಎಂಟು ಡಾಲರ್ ಇಟ್ಟುಕೊಂಡು ವಿಮಾನ ಹತ್ತಿದ ಭಾರತೀಯರ ಕಥೆಗಳು ಆ ಕಾಲದವು. ಆಗ ಸ್ವಂತ ಖುಷಿಗೆ ದೇಶ ಸುತ್ತಲು ಸಾಮಾನ್ಯರಿಗೆ ಹಣವೂ ಇರಲಿಲ್ಲ, ಇದ್ದವರಿಗೆ ಕಾನೂನಿನ ಅನುಮತಿಯೂ ಸುಲಭವಿರಲಿಲ್ಲ. ಯಾವ ಉದ್ದೇಶವನ್ನೂ ವಿವರಿಸದೆ ವರ್ಷಕ್ಕೆ ಇಂತಿಷ್ಟು ಹಣ ಹೊರಗೆ ಒಯ್ಯಬಹುದೆಂಬ ರಿಸರ್ವ್ ಬ್ಯಾಂಕಿನ ಉದಾರೀಕೃತ ಯೋಜನೆ ಬಂದದ್ದು 2004ರಲ್ಲಿ. ಮಿತಿ 25 ಸಾವಿರ ಡಾಲರ್. ಅಷ್ಟರಲ್ಲಿ ಅಪ್ಪನಂಥವರಿಗೆ ಗೃಹಸಾಲ, ಮಕ್ಕಳ ಶುಲ್ಕಗಳು ಹೆಗಲೇರಿದ್ದವು. ಸೈಮನ್‌ಗೆ ಮುಪ್ಪಿನಲ್ಲಿ ಎರಡನೆಯ ಪ್ರಯಾಣವಾದದ್ದು ಇವರಿಗೆ ಮೊದಲನೆಯದು.

ಕನ್ನಡಕ್ಕೆ ಇದು ತೀರಾ ಹೊಸದೇನಲ್ಲ. 1904ರಲ್ಲಿ ಹುಟ್ಟಿದ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅಮೆರಿಕ ಕಂಡದ್ದು ಎಪ್ಪತ್ತು ದಾಟಿದ ಮೇಲೆ. ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ಆ ವಯಸ್ಸಿನಲ್ಲಾ?’ ಎಂದು ಅವರ ಓದುಗರು ಕೇಳಿದ್ದರೆ ನಮಗೆ ಆ ಪುಸ್ತಕ ಇರುತ್ತಿರಲಿಲ್ಲ.

ಗಡಿ ದಾಟುವ ಬೈಕಿಗೆ ‘ಕಾರ್ನೆ’ ಎಂಬ ಸುಂಕದ ಪುಸ್ತಿಕೆ ಬೇಕಾಗುತ್ತದೆ. ‘ಈ ವಾಹನವನ್ನು ನಿಮ್ಮ ದೇಶದಲ್ಲಿ ಮಾರುವುದಿಲ್ಲ, ಮರಳಿ ಒಯ್ಯುತ್ತೇನೆ’ ಎಂಬ ವಚನ ಅದು. ವಚನಕ್ಕೆ ಠೇವಣಿ ಇಡಬೇಕು. ಒಳಗೆ ಹೋಗುವಾಗ ಒಂದು ಮುದ್ರೆ, ಹೊರಗೆ ಬರುವಾಗ ಇನ್ನೊಂದು. ಹೊರಬಂದ ಮುದ್ರೆ ಇಲ್ಲದಿದ್ದರೆ ಠೇವಣಿಗೆ ಕುತ್ತು. ಅಪ್ಪ ಈ ಲೆಕ್ಕವನ್ನೆಲ್ಲ ಹಳೆಯ ಡೈರಿಯಲ್ಲಿ ಬರೆದಿಟ್ಟಿದ್ದಾರೆ. ಪಶ್ಚಿಮಕ್ಕೆ ಪಾಕಿಸ್ತಾನದ ದಾರಿ ನಮ್ಮವರಿಗೆ ಇಲ್ಲ. ಪೂರ್ವದ ಮ್ಯಾನ್ಮಾರ್ ದಾರಿ 2021ರ ಸೈನಿಕ ದಂಗೆಯ ನಂತರ ನೆಚ್ಚುವಂತಿಲ್ಲ. ಉತ್ತರದಲ್ಲಿ ಚೀನಾದೊಳಗೆ ಬೈಕು ಓಡಿಸಲು ಮುಂಗಡ ಅನುಮತಿ ಬೇಕು, ಜೊತೆಗೆ ಅಲ್ಲಿನ ಮಾರ್ಗದರ್ಶಿಯೂ ಬೇಕು, ಖರ್ಚು ಬಹಳ. ಹಾಗಾಗಿ ಸದ್ಯಕ್ಕೆ ಭೂಪಟದ ಮೇಲಿನ ಪೆನ್ಸಿಲ್ ಗೆರೆ ನೇಪಾಳದಲ್ಲಿ ನಿಂತಿದೆ.

ಕೊನೆಯ ಅಸ್ತ್ರವೆಂದು ನಾನು ಸೈಮನ್ ಅವರ ಎರಡನೆಯ ಪ್ರಯಾಣದ ಅಪಘಾತವನ್ನು ಅಪ್ಪನಿಗೆ ಹೇಳಿದೆ. ಕೀನ್ಯಾದಲ್ಲಿ ಬಿದ್ದು ಅವರ ಕಾಲು ಮುರಿದಿತ್ತು. ಅಪ್ಪ ಕನ್ನಡಕ ತೆಗೆದು, ‘ಆಮೇಲೆ ವಾಪಸ್ ಹೋದರಾ?’ ಎಂದರು.

‘ಇಲ್ಲ. ಮೂಳೆ ಕೂಡಿದ ಮೇಲೆ ಮುಂದೆ ಹೋದರು. 47 ದೇಶ, ಸುಮಾರು 95 ಸಾವಿರ ಕಿಲೋಮೀಟರ್.’

ಅಪ್ಪ ತಲೆಯಾಡಿಸಿ, ಪೆನ್ಸಿಲ್ ಚೂಪು ಮಾಡಲು ಎದ್ದು ಹೋದರು.