ಬಿರುಕಿನ ತುದಿಗೊಂದು ತೂತು

ಈ ಸಲದ ಮಾತು ಶುರುವಾಗುವುದು ನಮ್ಮ ಪಕ್ಕದ ಮನೆಯ ಇಂಗ್ಲಿಷ್ ಅಜ್ಜನ ಗ್ಯಾರೇಜಿನಲ್ಲಿ. ಅವರ ಹತ್ತಿರ ಒಂದು ಮಾರಿಸ್ ಮೈನರ್ ಕಾರಿದೆ. ಅಲೆಕ್ ಇಸಿಗೋನಿಸ್ ರೂಪಿಸಿ 1948ರಲ್ಲಿ ಬಂದ ಮಾದರಿ ಅದು. ನಿಮ್ಮ ಅಜ್ಜನ ಊರಿನಲ್ಲಿ ಓಡಾಡುತ್ತಿದ್ದ ಅಂಬಾಸಡರ್ ಇದೆಯಲ್ಲ, ಅದೂ ಇದೇ ಮಾರಿಸ್ ಮನೆತನದ್ದೇ; ಮಾರಿಸ್ ಆಕ್ಸ್‌ಫರ್ಡ್ ಕಾರಿನ ಭಾರತದ ರೂಪ.

ಅಜ್ಜನದು ಎರಡು ಬಾಗಿಲಿನ ಕಾರು. ಎರಡೇ ಬಾಗಿಲಾದ್ದರಿಂದ ಒಂದೊಂದೂ ಉದ್ದ, ಭಾರ. ಡ್ರೈವರ್ ಕಡೆಯ ಬಾಗಿಲು ಜೋತುಬಿದ್ದಿತ್ತು. ಬಿಚ್ಚಿ ನೋಡಿದರೆ, ಕೀಲನ್ನು ಹಿಡಿದ ಉಕ್ಕಿನ ಬ್ರಾಕೆಟ್ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಅಜ್ಜ ಡ್ರಿಲ್ ಹಿಡಿದು ಆ ಬಿರುಕಿನ ತುದಿಗೇ ಒಂದು ತೂತು ಕೊರೆದರಂತೆ. ಸಹಾಯಕ್ಕೆ ಹೋಗಿದ್ದ ನನ್ನ ಮಗ ಮನೆಗೆ ಬಂದವನೇ, "ಅಮ್ಮಾ, ಒಡೆದಿರೋದಕ್ಕೆ ಇನ್ನೊಂದು ತೂತು ಯಾಕೆ?" ಅಂದ. ನಾನು ಓದಿದ್ದು ಕನ್ನಡ ಎಂ.ಎ. ಉತ್ತರ ಗೊತ್ತಿರಲಿಲ್ಲ. ಹುಡುಕುತ್ತಾ ಹೋದರೆ ಅದು ನನ್ನನ್ನು 1842ರ ಫ್ರಾನ್ಸಿಗೆ ಕರೆದುಕೊಂಡು ಹೋಯಿತು.

ಆ ವರ್ಷ ಮೇ 8ರಂದು ವರ್ಸೈಲ್ಸ್‌ನಲ್ಲಿ ರಾಜನ ಹೆಸರಿನಲ್ಲಿ ಉತ್ಸವ. ಅದನ್ನು ನೋಡಿ ಪ್ಯಾರಿಸ್ಸಿಗೆ ಮರಳುವವರಿಂದ ರೈಲು ತುಂಬಿತ್ತು. ದಾರಿಯಲ್ಲಿ ಮುಂದಿನ ಎಂಜಿನ್ನಿನ ಅಚ್ಚು ಮುರಿಯಿತು. ಬೋಗಿಗಳು ಒಂದರ ಮೇಲೊಂದು ಏರಿ ಬೆಂಕಿ ಹತ್ತಿಕೊಂಡಿತು. ಪ್ರಯಾಣಿಕರನ್ನು ಒಳಗೆ ಕೂರಿಸಿ ಬಾಗಿಲಿಗೆ ಹೊರಗಿನಿಂದ ಬೀಗ ಹಾಕುವುದು ಆಗಿನ ಪದ್ಧತಿ. 50ಕ್ಕೂ ಹೆಚ್ಚು ಜನ ಸತ್ತರು. ಸಮುದ್ರಯಾನಗಳಿಗೆ ಹೆಸರಾಗಿದ್ದ ದ್ಯುಮಾಂ ದ್ಯುರ್ವಿಲ್ ತನ್ನ ಹೆಂಡತಿ ಮತ್ತು ಮಗನ ಜೊತೆ ಅದರಲ್ಲೇ ತೀರಿಕೊಂಡ.

ಗಟ್ಟಿ ಕಬ್ಬಿಣದ ಅಚ್ಚು ಏಕಾಏಕಿ ಮುರಿದದ್ದು ಹೇಗೆ? ನಾರುನಾರಾಗಿರುವ ಕಬ್ಬಿಣ ಕುಲುಕಾಟಕ್ಕೆ ಸಿಕ್ಕಿ ಒಳಗೊಳಗೇ ಹರಳುಗಟ್ಟಿ ಬಿಡುತ್ತದೆ ಎಂದು ಆ ಕಾಲದ ಬಹಳ ಜನ ಎಂಜಿನಿಯರುಗಳು ನಂಬಿದ್ದರು. ಸ್ಕಾಟ್ಲೆಂಡಿನ ರ‍್ಯಾಂಕಿನ್ ಎಂಬ ಹುಡುಗ ಹಾಗೆ ನಂಬಲಿಲ್ಲ. ಹುಡುಗ ಎನ್ನುತ್ತಿದ್ದೇನೆ, ಏಕೆಂದರೆ ಅವನಿಗೆ ಆಗ 22 ವರ್ಷ, ನಿಮ್ಮಲ್ಲಿ ಕೆಲವರ ವಯಸ್ಸು. ಮುರಿದ ಅಚ್ಚುಗಳನ್ನೇ ಕೈಯಲ್ಲಿ ಹಿಡಿದು ನೋಡಿ 1843ರಲ್ಲಿ ಅವನು ಹೇಳಿದ: ಲೋಹ ಬದಲಾಗಿಲ್ಲ, ಅಚ್ಚಿನ ದಪ್ಪ ಭಾಗ ತೆಳುವಾಗುವ ಚೂಪು ಮೂಲೆಯಲ್ಲಿ ಸಣ್ಣ ಬಿರುಕು ಹುಟ್ಟಿ, ದಿನದಿನವೂ ಒಳಕ್ಕೆ ಬೆಳೆದಿದೆ, ಮೂಲೆಯನ್ನು ದುಂಡಗೆ ಮಾಡಿ. ಆದರೂ ಹರಳಿನ ಮಾತು ಎಷ್ಟೋ ವರ್ಷ ಸಾಯಲಿಲ್ಲ. ಈ ಕಥೆಯಲ್ಲಿ ನನಗೆ ಹೆಚ್ಚು ನೋವು ಕೊಟ್ಟದ್ದು ಇದೇ.

ಮುಂದೆ ಪ್ರಶ್ಯಾದ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ 1850 ಮತ್ತು 60ರ ದಶಕಗಳಲ್ಲಿ ಲೋಹದ ತುಂಡುಗಳನ್ನು ಯಂತ್ರಕ್ಕೆ ಸಿಕ್ಕಿಸಿ ಲಕ್ಷಗಟ್ಟಲೆ ಸಲ ತಿರುಗಿಸಿದ. ಒಂದೇ ಏಟಿಗೆ ಏನೂ ಆಗದ ಭಾರವೇ ಸಾವಿರಾರು ಸಲ ಬಂದುಹೋದರೆ ಉಕ್ಕನ್ನು ಮುರಿಯಬಲ್ಲದು ಎಂದು ಲೆಕ್ಕ ಸಮೇತ ತೋರಿಸಿದ. ಇದಕ್ಕೆ ಲೋಹದ ದಣಿವು ಎನ್ನುತ್ತಾರೆ. ಈ ಪದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ದಣಿದ ಮನುಷ್ಯ ಮಲಗೆದ್ದರೆ ಸರಿಹೋಗುತ್ತಾನೆ. ಕಾರನ್ನು ಹತ್ತು ವರ್ಷ ಗ್ಯಾರೇಜಿನಲ್ಲಿ ಮಲಗಿಸಿದರೂ ಅದರ ಬಿರುಕು ಕೂಡಿಕೊಳ್ಳುವುದಿಲ್ಲ.

ತೂತಿನ ಗುಟ್ಟನ್ನು ಗಣಿತದಲ್ಲಿ ಬಿಡಿಸಿದ್ದು 1913ರಲ್ಲಿ ಚಾರ್ಲ್ಸ್ ಇಂಗ್ಲಿಸ್. ಬಿರುಕಿನ ತುದಿ ಎಷ್ಟು ಚೂಪೋ ಅಲ್ಲಿ ಎಳೆತ ಅಷ್ಟು ಹೆಚ್ಚು. ಚಿಪ್ಸ್ ಪ್ಯಾಕೆಟ್ಟಿನ ಅಂಚಿನಲ್ಲಿ ಸಣ್ಣ ಕಚ್ಚಿದ್ದರೆ ಸಾಕು, ಅಲ್ಲಿಂದಲೇ ಸರ್ರೆಂದು ಹರಿಯುವುದಿಲ್ಲವೇ? ತುದಿಯನ್ನು ದುಂಡು ತೂತು ಮಾಡಿದರೆ ಎಳೆತ ಹಂಚಿಹೋಗುತ್ತದೆ, ಬಿರುಕಿನ ಓಟಕ್ಕೆ ತಡೆ ಬೀಳುತ್ತದೆ.

ಆದರೆ ತುದಿ ಎಲ್ಲಿದೆ ಎಂದು ಕಣ್ಣಿಗೆ ಕಾಣಬೇಕಲ್ಲ. ಹಳೆಯ ರೈಲ್ವೆ ವರ್ಕ್‌ಶಾಪುಗಳ ಉಪಾಯವನ್ನೇ ಅಜ್ಜ ಮಾಡಿದ್ದರು. ಸೀಮೆಎಣ್ಣೆ ಹಚ್ಚಿ, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದರೆ ಬಿರುಕಿನೊಳಗೆ ಉಳಿದ ಎಣ್ಣೆ ಜಿನುಗಿ ಗೆರೆ ಮೂಡುತ್ತದೆ. (ಸೀಮೆ ಎಂದರೆ ಇಲ್ಲಿ ಪರದೇಶ, ಹೊರಗಿನಿಂದ ಬಂದದ್ದಕ್ಕೆಲ್ಲ ನಮ್ಮವರು ಸೀಮೆ ಸೇರಿಸಿದರು. ಆ ಲೆಕ್ಕದಲ್ಲಿ ನೀವೂ ಸೀಮೆಮಕ್ಕಳೇ!)

ತೂತಿನಿಂದಲೇ ಕೆಲಸ ಮುಗಿಯಲಿಲ್ಲ. ಬಿರುಕಿನುದ್ದಕ್ಕೂ ಕಾಲುವೆಯಂತೆ ಉಜ್ಜಿ ತೆಗೆದು, ತುಕ್ಕು ಕೆರೆದು, ಬೆಸುಗೆ ಹಾಕಿ, ನೀರಿಗೆ ಅದ್ದದೆ ತಾನಾಗಿ ಆರಲು ಬಿಟ್ಟರು. ಉಬ್ಬನ್ನು ನುಣ್ಣಗೆ ಉಜ್ಜಿದರು. ಉಬ್ಬು ಉಳಿದರೆ ಅದರ ಅಂಚೇ ಹೊಸ ಚೂಪು ಮೂಲೆ. ಹಿಂದೆ ಕೊಟ್ಟ ಆಸರೆ ತಗಡಿನ ಮೂಲೆಗಳನ್ನೂ ದುಂಡಗೆ ಕತ್ತರಿಸಿದರು. ರ‍್ಯಾಂಕಿನ್ ನೋಡಿದ್ದರೆ ತಲೆದೂಗುತ್ತಿದ್ದನೇನೋ. ಕೊನೆಗೆ ಸವೆದಿದ್ದ ಕೀಲಿನ ಪಿನ್ನನ್ನೂ ಬದಲಿಸಿದರು. ಅದು ಅಲ್ಲಾಡುತ್ತಿದ್ದರೆ ಮತ್ತೆ ಅದೇ ಎಳೆದಾಟ, ಬೆಸುಗೆಯ ಪಕ್ಕದಲ್ಲೇ ಇನ್ನೊಂದು ಬಿರುಕು.

ಇಲ್ಲಿ ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಕಾರುಗಳಿಗೆ 2018ರಿಂದ ವರ್ಷವರ್ಷದ ಎಂಓಟಿ ತಪಾಸಣೆ ಕಡ್ಡಾಯವಲ್ಲ. ಅಜ್ಜನ ಕಾರಿನ ಬಿರುಕನ್ನು ಅಜ್ಜನೇ ಹುಡುಕಬೇಕು. ಈಗ ತಿಂಗಳಿಗೊಮ್ಮೆ ನನ್ನ ಮಗ ಒಂದು ತುಂಡು ಸೀಮೆಸುಣ್ಣ ಜೇಬಿಗೆ ಹಾಕಿಕೊಂಡು ಅವರ ಗ್ಯಾರೇಜಿಗೆ ಹೋಗುತ್ತಾನೆ.